ಫೈಲಿನಿಂದ ಶುರುಮಾಡಿ: ಅಮೆರಿಕದ ಮೊದಮೊದಲ ಕಪ್ಪು ವಕೀಲೆಯರ ಬದುಕು ಹುಡುಕಿ ಬರೆಯುವ ಬಗೆ

ಶಾರ್ಲಟ್ ಇ. ರೇ ಬಗ್ಗೆ ನಾಲ್ಕು ಸಾಲು ಯಾರು ಬೇಕಾದರೂ ಬರೆಯಬಹುದು. 1850ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. 1872ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಅದೇ ವರ್ಷ ವಕೀಲರ ಪಟ್ಟಿಗೆ ಸೇರಿ ಅಮೆರಿಕದ ಮೊದಲ ಕಪ್ಪು ವಕೀಲೆ ಎನಿಸಿಕೊಂಡರು. ಇಷ್ಟಕ್ಕೇ ಮುಗಿಸಿದರೆ ಒಬ್ಬ ವಕೀಲೆಯ ಬಗ್ಗೆ ಬರೆದ ಹಾಗೆ ಆಗಲಿಲ್ಲ. ಯಾರ ಪರ ನಿಂತರು, ಎದುರಿಗೆ ಯಾರಿದ್ದರು, ಕೋರ್ಟಿನ ಮುಂದೆ ಏನು ಬೇಡಿದರು, ಇವು ಯಾವುವೂ ಆ ನಾಲ್ಕು ಸಾಲಲ್ಲಿ ಇಲ್ಲ.

ನಾನು ವಾಷಿಂಗ್ಟನ್ ಡಿ.ಸಿ.ಯ ಕಾನೂನು ಗ್ರಂಥಾಲಯವೊಂದರಲ್ಲಿ ಓದುಗರಿಗೆ ದಾಖಲೆ ಹುಡುಕಿಕೊಡುವ ಕೆಲಸದಲ್ಲಿದ್ದೇನೆ. ಫೆಬ್ರವರಿ ಇಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಆಗ ಬರುವ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಬೇಕಾಗಿರುವುದು ‘ಮೊದಲಿಗರ’ ಪಟ್ಟಿ: ಮೊದಲ ವಕೀಲೆ, ಮೊದಲ ನ್ಯಾಯಾಧೀಶೆ, ಮೊದಲ ಪ್ರಾಧ್ಯಾಪಕಿ. ಪಟ್ಟಿ ಕೊಡುತ್ತೇನೆ. ಜೊತೆಗೆ ಅದರಲ್ಲಿ ಒಂದೇ ಒಂದು ಹೆಸರನ್ನು ಆರಿಸಿಕೊಂಡು, ಆಕೆ ನಡೆಸಿದ ಒಂದು ಕೇಸಿನ ಕಾಗದ ಹುಡುಕಿ ಅಂತ ಒತ್ತಾಯ ಮಾಡುತ್ತೇನೆ. ವಕೀಲರ ಬದುಕು ಇರುವುದೇ ಅಲ್ಲಿ. ಆ ಹುಡುಕಾಟದ ದಾರಿಯನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಟ್ಟರೆ ದೂರದಲ್ಲಿ ಕೂತು ಕಂಪ್ಯೂಟರಿನಲ್ಲೇ ಹುಡುಕುವವರಿಗೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

‘ಮೊದಲು’ ಅಂದರೆ ಯಾವುದರಲ್ಲಿ?

ಹೆಸರು ಆರಿಸಿಕೊಂಡ ಕೂಡಲೇ ಆಕೆಯ ಹಿಂದೆ ಅಂಟಿರುವ ‘ಮೊದಲ’ ಎಂಬ ಮಾತನ್ನು ಬಿಡಿಸಿ ನೋಡಿ. ಕಾನೂನು ಶಾಲೆಗೆ ಸೇರುವುದು ಒಂದು, ಪದವಿ ಪಡೆಯುವುದು ಇನ್ನೊಂದು, ವಕೀಲರ ಪಟ್ಟಿಗೆ ಸೇರುವುದು ಮತ್ತೊಂದು, ಕಕ್ಷಿದಾರರು ಸಿಕ್ಕಿ ಕೋರ್ಟಿನಲ್ಲಿ ನಿಲ್ಲುವುದು ಬೇರೆಯೇ. ಮೇರಿ ಆನ್ ಶಾಡ್ ಕೇರಿ ಹೋವರ್ಡ್ ಕಾನೂನು ಶಾಲೆಗೆ ಸೇರಿದ್ದು 1869ರಲ್ಲಿ, ಶಾಲೆ ಶುರುವಾದ ವರ್ಷವೇ. ಅಷ್ಟು ಹೊತ್ತಿಗೆ ಅವರು ಕೆನಡಾದಲ್ಲಿ ಪತ್ರಿಕೆ ನಡೆಸಿದ್ದರು, ಅಂತರ್ಯುದ್ಧದಲ್ಲಿ ಉತ್ತರದ ಒಕ್ಕೂಟದ ಸೈನ್ಯಕ್ಕೆ ಕಪ್ಪು ಸೈನಿಕರನ್ನು ಸೇರಿಸಿದ್ದರು. ಹಗಲು ಶಾಲೆಯಲ್ಲಿ ಪಾಠ ಹೇಳುತ್ತ ಕಾನೂನು ಓದಿದ ಅವರಿಗೆ ಪದವಿ ಕೈಗೆ ಬಂದದ್ದು 1883ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಅಷ್ಟರೊಳಗೆ ರೇ ಪದವಿ ಪಡೆದು, ವಕೀಲಿಕೆ ಮಾಡಿ, ಅದನ್ನು ಬಿಟ್ಟೂ ಆಗಿತ್ತು. ಇಬ್ಬರಲ್ಲಿ ‘ಮೊದಲ’ ಯಾರು ಎಂಬ ಪ್ರಶ್ನೆಗೆ ನೀವು ಯಾವ ಬಾಗಿಲನ್ನು ತೋರಿಸಿ ಕೇಳುತ್ತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ರೇ ‘ಸುಪ್ರೀಂ ಕೋರ್ಟಿನ’ ವಕೀಲರ ಪಟ್ಟಿಗೆ ಸೇರಿದರು ಎಂದು ಓದಿದರೆ ಅದು ದೇಶದ ಸರ್ವೋಚ್ಚ ನ್ಯಾಯಾಲಯವೆಂದು ತಿಳಿಯಬೇಡಿ. ಆಗ ‘ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾದ ಸುಪ್ರೀಂ ಕೋರ್ಟ್’ ಎಂಬ ಹೆಸರಿನ ಬೇರೆ ಕೋರ್ಟ್ ಇತ್ತು. ವಾಷಿಂಗ್ಟನ್ ನಗರದ ಕೇಸುಗಳು ಮೊದಲು ಹೋಗುತ್ತಿದ್ದುದೇ ಅಲ್ಲಿಗೆ. 1936ರಲ್ಲಿ ಅದರ ಹೆಸರನ್ನು ಬದಲಿಸಿ ಜಿಲ್ಲಾ ನ್ಯಾಯಾಲಯ ಎಂದು ಮಾಡಿದರು. ದೇಶದ ಸುಪ್ರೀಂ ಕೋರ್ಟಿನ ಬಾಗಿಲು ಯಾವ ಮಹಿಳೆಗಾದರೂ ತೆರೆದದ್ದು 1879ರಲ್ಲಿ, ಅದೂ ಬೆಲ್ವಾ ಲಾಕ್‌ವುಡ್ ಎಂಬ ವಕೀಲೆಯ ಹಟಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಕಾಯಿದೆ ಮಾಡಿದ ಮೇಲೆ. ಅಲ್ಲಿ ವಕಾಲತ್ತಿಗೆ ಅರ್ಹತೆ ಪಡೆದ ಮೊದಲ ಕಪ್ಪು ಮಹಿಳೆ ಶಿಕಾಗೋದ ವಯೊಲೆಟ್ ಆಂಡರ್ಸನ್, 1926ರಲ್ಲಿ. ಒಳಗೆ ನಿಂತು ವಾದ ಮಾಡಿದ ಮೊದಲ ಕಪ್ಪು ಮಹಿಳೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ, 1961ರಲ್ಲಿ. ಈ ಮೂರು ವರ್ಷಗಳನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ನಡುವಿನ ಖಾಲಿ ಜಾಗವೇ ನಿಮ್ಮ ಬರಹಕ್ಕೆ ಬೇಕಾದ ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ಫೈಲು ಎಲ್ಲಿರುತ್ತದೆ, ಹೇಗೆ ಓದಬೇಕು

ರೇ ನಡೆಸಿದ ಕೇಸುಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಗ್ಯಾಡ್ಲಿ ವಿರುದ್ಧ ಗ್ಯಾಡ್ಲಿ. ಮಾರ್ಥಾ ಗ್ಯಾಡ್ಲಿ ಎಂಬ, ಓದಿಲ್ಲದ ಹೆಂಗಸು ಗಂಡನ ಹಿಂಸೆ ತಾಳಲಾರದೆ ವಿಚ್ಛೇದನ ಕೇಳಿದ ಕೇಸು. ಅರ್ಜಿಯ ಮೇಲಿನ ತಾರೀಖು 1875ರ ಜೂನ್ 3. ರೇ ವಾಣಿಜ್ಯ ಕಾನೂನಿನಲ್ಲಿ ಗಟ್ಟಿಗರು ಎಂದು ಆ ಕಾಲದವರೇ ಹೇಳುತ್ತಿದ್ದರು. ಅಂಥವರ ಹೆಸರನ್ನು ಇಂದಿಗೂ ಉಳಿಸಿರುವುದು ಹೊಡೆತ ತಿಂದ ಒಬ್ಬ ಹೆಂಗಸಿನ ಅರ್ಜಿ. ಕಂಪನಿಗಳ ವ್ಯವಹಾರ ಒಬ್ಬ ಕಪ್ಪು ವಕೀಲೆಯ ಕಚೇರಿಗೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಯೋಚಿಸಿದರೆ ಆಕೆಯ ಕಷ್ಟ ಏನೆಂಬುದು ಅರ್ಧ ಅರ್ಥವಾಗುತ್ತದೆ.

ವಾಷಿಂಗ್ಟನ್ನಿನ ಹಳೆಯ ಕೋರ್ಟುಗಳ ಕಾಗದ ಈಗ ರಾಷ್ಟ್ರೀಯ ಪತ್ರಾಗಾರದಲ್ಲಿದೆ, 21ನೇ ದಾಖಲೆ ಸಮೂಹದ ಅಡಿಯಲ್ಲಿ. ವಿಚ್ಛೇದನಗಳು ಆಗ ಈಕ್ವಿಟಿ (ಬರೀ ಕಾನೂನಿನ ಅಕ್ಷರ ನೋಡದೆ ನ್ಯಾಯವೆನಿಸುವ ಪರಿಹಾರ ಕೊಡುವ) ವಿಭಾಗಕ್ಕೆ ಸೇರುತ್ತಿದ್ದುದರಿಂದ ಈಕ್ವಿಟಿ ಫೈಲುಗಳಲ್ಲಿ ಹುಡುಕಬೇಕು. ಪತ್ರಾಗಾರಕ್ಕೆ ಬರೆಯುವಾಗ ‘ಶಾರ್ಲಟ್ ರೇ ಬಗ್ಗೆ ಏನಿದ್ದರೂ ಕಳಿಸಿ’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಕೋರ್ಟಿನ ಫೈಲು ಸೂಚಿಯಾಗುವುದು ಕಕ್ಷಿದಾರರ ಹೆಸರಿನಲ್ಲಿ, ವಕೀಲರ ಹೆಸರಿನಲ್ಲಲ್ಲ. ಕೋರ್ಟಿನ ಹೆಸರು, ವರ್ಷ, ಇಬ್ಬರು ಕಕ್ಷಿದಾರರ ಹೆಸರು, ಯಾವ ಬಗೆಯ ಕೇಸು, ಈ ನಾಲ್ಕನ್ನೂ ಕೊಟ್ಟು ಕೇಳಿ.

ಫೈಲು ಕೈಗೆ ಬಂದಾಗ ತೀರ್ಪಿಗೆ ಹಾರಬೇಡಿ. ಮೊದಲು ಅರ್ಜಿ ಓದಿ. ಅಲ್ಲಿ ಕಾಣುವುದು ಎರಡು ದನಿ: ಕಕ್ಷಿದಾರಳ ಸಂಕಟ, ಅದನ್ನು ಕಾನೂನು ಒಪ್ಪುವ ರೂಪಕ್ಕೆ ತಂದ ವಕೀಲೆಯ ಕೈ. ಹೊಡೆದ, ಕುಡಿದ, ಬೈದ ಎಂಬ ಮಾತುಗಳಲ್ಲಿ ಯಾವುದನ್ನು ಮುಂದಿಟ್ಟರು, ಯಾವುದಕ್ಕೆ ದಿನಾಂಕ ಹಾಕಿದರು, ಯಾವ ಬೇಡಿಕೆಯನ್ನು ಕೊನೆಗಿಟ್ಟರು ಎಂದು ಗುರುತು ಹಾಕಿಕೊಳ್ಳುತ್ತ ಹೋಗಿ. ವಕೀಲೆಯ ಬುದ್ಧಿ ಕೆಲಸ ಮಾಡುವುದು ಈ ಆಯ್ಕೆಗಳಲ್ಲಿ. ನಾನು ಓದುಗರಿಗೆ ಹೇಳುವುದು ಇದನ್ನೇ: ಒಂದು ಅರ್ಜಿಯನ್ನು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿದವರಿಗೆ ಹತ್ತು ಜೀವನಚರಿತ್ರೆ ಓದಿದರೂ ಸಿಗದ ಪರಿಚಯ ಸಿಗುತ್ತದೆ.

ಫೈಲು ಓದಿದ ಮೇಲೆ ಅದೇ ಕಾಲದಲ್ಲಿ ಸುತ್ತಮುತ್ತ ಏನಾಗುತ್ತಿತ್ತು ಎಂದು ನೋಡಬೇಕು. ರೇ ವಕೀಲರಾದ ಮರುವರ್ಷ, 1873ರಲ್ಲಿ, ಅದೇ ಊರಿನಲ್ಲಿ ದೇಶದ ಸುಪ್ರೀಂ ಕೋರ್ಟು ಬ್ರ್ಯಾಡ್‌ವೆಲ್ ವಿರುದ್ಧ ಇಲಿನಾಯ್ ಕೇಸಿನ ತೀರ್ಪು ಕೊಟ್ಟಿತು. ಶಿಕಾಗೋದ ಬಿಳಿಯ ಮಹಿಳೆ ಮೈರಾ ಬ್ರ್ಯಾಡ್‌ವೆಲ್ ಅವರಿಗೆ ಇಲಿನಾಯ್ ರಾಜ್ಯ ವಕೀಲಿಕೆಯ ಅನುಮತಿ ನಿರಾಕರಿಸಿದ್ದು ಸರಿ ಎಂದಿತು. ಹೆಂಡತಿಯಾಗಿ ತಾಯಿಯಾಗಿ ಇರುವುದೇ ಹೆಣ್ಣಿನ ಪರಮ ಧರ್ಮ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಬ್ರ್ಯಾಡ್ಲಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಬರೆದರು. ಅದೇ ವರ್ಷ ದೇಶದಲ್ಲಿ ಆರ್ಥಿಕ ಕುಸಿತ ಶುರುವಾಯಿತು. ಇಂಥ ಗಾಳಿಯಲ್ಲಿ ಇಪ್ಪತ್ತರ ಹರೆಯದ ಕಪ್ಪು ಹೆಣ್ಣುಮಗಳು ಕಚೇರಿ ತೆರೆದು ಕೂತಿದ್ದರು. ದಶಕ ಮುಗಿಯುವ ಹೊತ್ತಿಗೆ ಅವರು ನ್ಯೂಯಾರ್ಕಿಗೆ ಮರಳಿ ಬ್ರೂಕ್ಲಿನ್ನಿನ ಶಾಲೆಯಲ್ಲಿ ಟೀಚರಾದರು. 1897ರಲ್ಲಿ ಕೇಟ್ ಕೇನ್ ರೋಸಿ ಎಂಬ ವಕೀಲೆ, ರೇ ಒಳ್ಳೆಯ ಸಾಮರ್ಥ್ಯದವರಾಗಿದ್ದರೂ ಪೂರ್ವಗ್ರಹದಿಂದಾಗಿ ಸಾಕಷ್ಟು ಕೇಸು ಸಿಗದೆ ವೃತ್ತಿ ಬಿಡಬೇಕಾಯಿತು ಎಂದು ನೆನೆದರು. ಅದು ಅಚ್ಚಾದದ್ದು ‘ಶಿಕಾಗೋ ಲೀಗಲ್ ನ್ಯೂಸ್’ನಲ್ಲಿ. ಆ ಪತ್ರಿಕೆಯನ್ನು ಸ್ಥಾಪಿಸಿದವರು ಇದೇ ಬ್ರ್ಯಾಡ್‌ವೆಲ್.

ದಂತಕಥೆಯನ್ನು ತೂಗಿ ನೋಡಿ

ರೇ ಬಗ್ಗೆ ಓದುವವರೆಲ್ಲರಿಗೂ ಒಂದು ಕತೆ ಎದುರಾಗುತ್ತದೆ: ಹೆಣ್ಣೆಂದು ಗೊತ್ತಾಗದಿರಲಿ ಎಂದು ‘ಸಿ. ಇ. ರೇ’ ಎಂದು ಅರ್ಜಿ ಹಾಕಿದರಂತೆ, ಆಮೇಲೆ ಗೊತ್ತಾಗಿ ಎಲ್ಲರೂ ಬೆರಗಾದರಂತೆ. ಕೇಳಲು ಚೆನ್ನಾಗಿದೆ. ಆದರೆ ರೇ 1869ರಿಂದಲೇ ಹೋವರ್ಡಿನಲ್ಲಿ ಪಾಠ ಹೇಳುತ್ತಿದ್ದವರು, ಅಲ್ಲಿನವರಿಗೆ ಮುಖಪರಿಚಯ ಇದ್ದವರು. ಕಾನೂನು ಶಾಲೆಯಲ್ಲಿ ಶಾಡ್ ಕೇರಿ ಆಗಲೇ ಕೂತು ಓದುತ್ತಿದ್ದರು. ವಾಷಿಂಗ್ಟನ್ನಿನ ವಕೀಲಿಕೆಯ ನಿಯಮದಿಂದ ‘ಪುರುಷ’ ಎಂಬ ಶಬ್ದವನ್ನೂ ತೆಗೆದುಹಾಕಲಾಗಿತ್ತು. ಇಷ್ಟು ಗೊತ್ತಿದ್ದ ಮೇಲೆ ಕತೆಗೆ ನಿಲ್ಲಲು ನೆಲವೇ ಇಲ್ಲ. ನೀವು ಬರೆಯುವಾಗ ಆ ಕತೆ ಬೇಕೆನಿಸಿದರೆ ಹೇಳಿ, ಜೊತೆಗೇ ಅದನ್ನು ನಂಬಲು ಯಾಕೆ ಕಷ್ಟ ಎಂಬುದನ್ನೂ ಹೇಳಿ. ಈ ಮಹಿಳೆಯರು ಮೋಸದಿಂದ ಒಳಗೆ ಬಂದರು ಎಂಬ ಭಾವನೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಅವರಿಗೆ ಮಾಡುವ ಅನ್ಯಾಯ. ಅವರು ಹಗಲು ಬೆಳಕಿನಲ್ಲಿ, ಮುಂಬಾಗಿಲಿನಿಂದ ಬಂದವರು.

ಜನಗಣತಿ ಮತ್ತು ಪತ್ರಿಕೆ

ಜನಗಣತಿ ಹಾಳೆಗಳು ಬೇಗ ಸಿಗುತ್ತವೆ, ಹಾಗಾಗಿ ಎಲ್ಲರೂ ಅಲ್ಲೇ ಕಾಲ ಕಳೆಯುತ್ತಾರೆ. ವಿಳಾಸ, ಮನೆಯಲ್ಲಿ ಯಾರು ಯಾರಿದ್ದರು, ಉದ್ಯೋಗದ ಕಾಲಂನಲ್ಲಿ ಏನು ಬರೆದಿದೆ, ಇಷ್ಟು ತೆಗೆದುಕೊಂಡು ಮುಂದೆ ಹೋಗಿ. 1890ರ ಗಣತಿಯ ಹಾಳೆಗಳು 1921ರ ಬೆಂಕಿಯಲ್ಲಿ ಬಹುಪಾಲು ಸುಟ್ಟೋ ಹಾಳಾಗಿಯೋ ಹೋದವು. ಹೆಸರುಗಳಿರುವ ಹಾಳೆಗಳನ್ನು 72 ವರ್ಷ ಮುಚ್ಚಿಡುವ ನಿಯಮವಿದೆ, ಸದ್ಯಕ್ಕೆ 1950ರವರೆಗೆ ನೋಡಬಹುದು. ಮದುವೆಯಾದ ಮೇಲೆ ಹೆಸರು ಬದಲಾಗುವುದನ್ನು ಮರೆಯಬೇಡಿ. ಕೊನೆಗಾಲದ ರೇ ದಾಖಲೆಗಳಲ್ಲಿ ಶಾರ್ಲಟ್ ಫ್ರೇಮ್.

ಗಣತಿಯ ಜನಾಂಗದ ಕಾಲಂ ಬಗ್ಗೆ ಮಾತ್ರ ತುಸು ನಿಲ್ಲಬೇಕು. ಮನೆಬಾಗಿಲಿಗೆ ಬಂದ ಗಣತಿದಾರ ಕಣ್ಣಂದಾಜಿನಲ್ಲಿ ತುಂಬಿದ ಕಾಲಂ ಅದು. ಐಡಾ ಪ್ಲ್ಯಾಟ್ 1894ರಲ್ಲಿ ಇಲಿನಾಯ್ ರಾಜ್ಯದ ಮೊದಲ ಕಪ್ಪು ವಕೀಲೆಯಾದರು. ತಾಯಿಯನ್ನೂ ಅಕ್ಕತಂಗಿಯರನ್ನೂ ಸಾಕುತ್ತ ಮೂರು ದಶಕಕ್ಕೂ ಮೀರಿ ಶಿಕಾಗೋದಲ್ಲಿ ವಕೀಲಿಕೆ ನಡೆಸಿದರು. ಅಷ್ಟು ಕಾಲ ನಡೆಸಲು ಸಾಧ್ಯವಾದದ್ದು ವೃತ್ತಿಯಲ್ಲಿ ತಾವು ಬಿಳಿಯರೆಂದೇ ಕಾಣಿಸಿಕೊಂಡದ್ದರಿಂದ. 1927ರಲ್ಲಿ ನಿವೃತ್ತರಾಗಿ, ಬಿಳಿಯ ವ್ಯಕ್ತಿಯನ್ನು ಮದುವೆಯಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೇ 1939ರಲ್ಲಿ ಐಡಾ ಬರ್ಕ್ ಎಂಬ ಹೆಸರಿನಲ್ಲಿ ತೀರಿಕೊಂಡರು. ‘ಕಪ್ಪು ಮಹಿಳೆ, ವಕೀಲೆ’ ಎಂಬ ಎರಡು ಗುರುತು ಹಿಡಿದು ಹುಡುಕುವವರಿಗೆ ಇಂಥವರು ತಪ್ಪಿಹೋಗುತ್ತಾರೆ. ಪ್ಲ್ಯಾಟ್ ಅವರ ಬಗ್ಗೆ ತೀರ್ಪು ಕೊಡುವ ಆತುರ ಬರೆಯುವವರಿಗೆ ಬೇಡ ಎಂದು ನನಗೆ ಬಲವಾಗಿ ಅನಿಸುತ್ತದೆ. ಮನೆ ನಡೆಸಲು ಅವರು ಕೊಟ್ಟ ಬೆಲೆ ಎಷ್ಟೆಂದು ದಾಖಲೆ ಹೇಳುವಷ್ಟನ್ನು ಬರೆದರೆ ಸಾಕು.

ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ಉಚಿತ. ಇಂದಿನ ಶಬ್ದಗಳಿಂದ ಹುಡುಕಿದರೆ ಹಳೆಯ ಪತ್ರಿಕೆ ಬಾಯಿ ಬಿಡುವುದಿಲ್ಲ. ‘ಕಲರ್ಡ್’, ‘ನೀಗ್ರೋ’, ‘ಲೇಡಿ ಲಾಯರ್’, ‘ಪೋರ್ಷಿಯಾ’ ಎಂದು ಇಂಗ್ಲಿಷಿನಲ್ಲಿ ಹಾಕಿ ನೋಡಿ. ವಕೀಲೆಯರನ್ನು ಷೇಕ್ಸ್‌ಪಿಯರನ ಆ ಪಾತ್ರದ ಹೆಸರಿನಿಂದ ಕರೆಯುವುದು ಆಗಿನ ಪತ್ರಿಕೆಗಳ ರೂಢಿ. ಕಪ್ಪು ಜನರೇ ನಡೆಸುತ್ತಿದ್ದ ‘ವಾಷಿಂಗ್ಟನ್ ಬೀ’, ‘ಶಿಕಾಗೋ ಡಿಫೆಂಡರ್’, ಬಾಲ್ಟಿಮೋರಿನ ‘ಆಫ್ರೋ-ಅಮೆರಿಕನ್’ ಪತ್ರಿಕೆಗಳನ್ನು ಬಿಡಲೇಬೇಡಿ. ಬಿಳಿಯರ ಪತ್ರಿಕೆಯಲ್ಲಿ ಎರಡು ಸಾಲಿನ ವಿಚಿತ್ರ ಸುದ್ದಿಯಾಗಿ ಬಂದದ್ದು ಇವುಗಳಲ್ಲಿ ಹೆಸರು, ಊರು, ಮನೆತನದ ಸಮೇತ ಬಂದಿರುತ್ತದೆ.

ಒಂದೇ ಹೆಸರಿನ ಎರಡು ಕೇಸು

ಇಪ್ಪತ್ತನೇ ಶತಮಾನಕ್ಕೆ ಬಂದರೆ ಕೆಲಸ ಸುಲಭವಾಗುತ್ತದೆ, ಎಚ್ಚರಿಕೆ ಹೆಚ್ಚು ಬೇಕಾಗುತ್ತದೆ. ಮೋಟ್ಲಿ ಅವರನ್ನೇ ತೆಗೆದುಕೊಳ್ಳಿ. 1921ರಲ್ಲಿ ನ್ಯೂ ಹೇವನ್ನಿನಲ್ಲಿ ಹುಟ್ಟಿದವರು. ತಂದೆತಾಯಿ ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಬಂದವರು. ಸಭೆಯೊಂದರಲ್ಲಿ ಈ ಹುಡುಗಿ ಮಾತಾಡಿದ್ದನ್ನು ಕೇಳಿದ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಉದ್ಯಮಿ ಓದಿನ ಖರ್ಚು ಹೊತ್ತರು. 1946ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಅದಕ್ಕೆ ಮೊದಲೇ, 1945ರಲ್ಲಿ, ಥರ್ಗುಡ್ ಮಾರ್ಷಲ್ ಅವರ ಕೈಕೆಳಗೆ, ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಕಾನೂನು ನಿಧಿಯಲ್ಲಿ ಕೆಲಸ. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು 10 ಕೇಸು, ಗೆದ್ದದ್ದು 9.

ಅವರು ಅಲ್ಲಿ ವಾದಿಸಿದ ಮೊದಲ ಕೇಸು ಹ್ಯಾಮಿಲ್ಟನ್ ವಿರುದ್ಧ ಅಲಬಾಮ. ಈ ಹೆಸರು ಹಾಕಿ ಹುಡುಕಿದರೆ ಎರಡು ತೀರ್ಪು ಬರುತ್ತವೆ. ಒಂದು 1961ರದು, ಸುಪ್ರೀಂ ಕೋರ್ಟಿನ ತೀರ್ಪುಗಳು ಅಚ್ಚಾಗುವ ಯುಎಸ್ ರಿಪೋರ್ಟ್ಸಿನ 368ನೇ ಸಂಪುಟದ 52ನೇ ಪುಟ. ಮರಣದಂಡನೆಯ ಅಪರಾಧ ಹೊರಿಸಿದ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬಾತನಿಗೆ ಆರೋಪ ಓದಿ ಹೇಳುವ ಹಂತದಲ್ಲಿ ವಕೀಲರಿರಲಿಲ್ಲ. ಆ ಹಂತದಲ್ಲೂ ವಕೀಲರು ಇರಲೇಬೇಕು ಎಂದು ಮೋಟ್ಲಿ ವಾದಿಸಿ ಗೆದ್ದರು. ಇನ್ನೊಂದು 1964ರದು, 376ನೇ ಸಂಪುಟದ 650ನೇ ಪುಟ. ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಹೋರಾಟಗಾರ್ತಿ, ಸಾಕ್ಷಿಕಟ್ಟೆಯಲ್ಲಿ ತನ್ನನ್ನು ಬರೀ ‘ಮೇರಿ’ ಎಂದು ಕರೆದ ಸರ್ಕಾರಿ ವಕೀಲನಿಗೆ, ‘ಮಿಸ್ ಹ್ಯಾಮಿಲ್ಟನ್’ ಎನ್ನುವ ತನಕ ಉತ್ತರ ಕೊಡುವುದಿಲ್ಲ ಎಂದು ನಿಂತ ಕೇಸು. ಕೋರ್ಟಿನ ನಿಂದನೆಗೆ ಆಕೆಗೆ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಎರಡನ್ನೂ ಬೆರೆಸಿ ಬರೆದವರಿದ್ದಾರೆ. ಕೇಸಿನ ಹೆಸರಿನ ಜೊತೆ ಸಂಪುಟ, ಪುಟ, ವರ್ಷ ಮೂರನ್ನೂ ಬರೆದುಕೊಳ್ಳುವ ಅಭ್ಯಾಸವಿದ್ದರೆ ಈ ಗೊಂದಲ ಆಗುವುದೇ ಇಲ್ಲ. ಎರಡನೆಯದನ್ನು ಸುಮ್ಮನೆ ಬದಿಗಿಡಬೇಡಿ. ಅಮೆರಿಕದ ದಕ್ಷಿಣದ ರಾಜ್ಯಗಳ ಕೋರ್ಟುಗಳಲ್ಲಿ ಕಪ್ಪು ಹೆಣ್ಣಿಗೆ ಒಂದು ‘ಮಿಸ್’ ದಕ್ಕಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಿತ್ತು, ಮೋಟ್ಲಿ ವಕೀಲಿಕೆ ಮಾಡಿದ್ದು ಅಂಥ ಕೋರ್ಟುಗಳಲ್ಲಿ.

ಸುಪ್ರೀಂ ಕೋರ್ಟು ವಾದಗಳನ್ನು ಧ್ವನಿಮುದ್ರಣ ಮಾಡಲು ಶುರುಮಾಡಿದ್ದು 1955ರಲ್ಲಿ. ‘ಓಯೆಝ್’ ತಾಣದಲ್ಲಿ ಮೋಟ್ಲಿ ಅವರ ದನಿಯನ್ನೇ ಕೇಳಬಹುದು. ತೀರ್ಪು ಓದುವ ಮೊದಲೇ ಕೇಳಿ. ನ್ಯಾಯಮೂರ್ತಿಗಳು ಮಧ್ಯೆ ತಡೆದು ಕೇಳಿದಾಗ ಅವರು ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದು ದನಿಯಲ್ಲಿ ಗೊತ್ತಾಗುತ್ತದೆ.

ಮತ್ತೆ, ಸೋತ ಕೇಸನ್ನು ಓದಿ. ಹತ್ತರಲ್ಲಿ ಅವರು ಸೋತದ್ದು 1965ರ ಸ್ವೇನ್ ವಿರುದ್ಧ ಅಲಬಾಮ. ಕಪ್ಪು ಜನರನ್ನು ಜ್ಯೂರಿಯಿಂದ (ವಿಚಾರಣೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡದಿಂದ) ಒಬ್ಬೊಬ್ಬರನ್ನಾಗಿ ತೆಗೆದುಹಾಕುವ ಸರ್ಕಾರಿ ವಕೀಲರ ಪದ್ಧತಿಯ ವಿರುದ್ಧದ ಕೇಸು. ಆ ದಿನ ಕೋರ್ಟು ಒಪ್ಪಲಿಲ್ಲ. 1986ರಲ್ಲಿ ಬ್ಯಾಟ್ಸನ್ ವಿರುದ್ಧ ಕೆಂಟಕಿ ಕೇಸಿನಲ್ಲಿ ಅದೇ ಕೋರ್ಟು ಸ್ವೇನ್ ಹೊರಿಸಿದ್ದ ಭಾರವಾದ ಪುರಾವೆಯ ನಿಯಮವನ್ನು ಕೈಬಿಟ್ಟಿತು. ಹೀಗೆ ಒಂದು ಸೋಲಿನಿಂದ ಮುಂದಕ್ಕೆ ನಡೆದು ಅದು ಎಲ್ಲಿಗೆ ತಲುಪಿತು ಎಂದು ನೋಡುವುದು ನನಗೆ ಈ ಕೆಲಸದಲ್ಲೆಲ್ಲ ಬಹಳ ಪ್ರಿಯವಾದ ಭಾಗ.

ಹೆಸರಿಲ್ಲದ ಕಡೆಯೂ ಹುಡುಕಿ

ಹೆಸರು ಹಾಕಿ ಹುಡುಕಿದರೆ ಸಿಗದವರಲ್ಲಿ ಮೊದಲಿಗರು ಪಾಲಿ ಮರ್ರಿ. 1938ರಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯ ಕಪ್ಪು ವರ್ಣದವರೆಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಹೋವರ್ಡಿನಲ್ಲಿ ಕಾನೂನು ಓದಿ 1944ರಲ್ಲಿ ತರಗತಿಗೆ ಮೊದಲಿಗರಾದರು. ಹಾಗೆ ಮೊದಲು ಬಂದವರು ಹಾರ್ವರ್ಡಿಗೆ ಹೋಗುವುದು ರೂಢಿ. ಹಾರ್ವರ್ಡು ಹೆಣ್ಣೆಂದು ಸೇರಿಸಿಕೊಳ್ಳಲಿಲ್ಲ. ಹೋವರ್ಡಿನ ತರಗತಿಯಲ್ಲಿ ಅವರು ಕಪ್ಪು ಜನರನ್ನು ಬೇರೆ ಇಡುವುದನ್ನು ‘ಪ್ರತ್ಯೇಕ ಆದರೆ ಸಮಾನ’ ಎಂದು ಒಪ್ಪಿದ ಸುಪ್ರೀಂ ಕೋರ್ಟಿನ ಪ್ಲೆಸಿ ತೀರ್ಪನ್ನು ನೇರವಾಗಿಯೇ ಹೊಡೆದುರುಳಿಸಬೇಕು ಎಂದಾಗ ಸಹಪಾಠಿಗಳು ನಕ್ಕಿದ್ದರು. ಇಪ್ಪತ್ತೈದು ವರ್ಷದೊಳಗೆ ಪ್ಲೆಸಿ ಬೀಳುತ್ತದೆ ಎಂದು ಪ್ರಾಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರೊಡನೆ 10 ಡಾಲರ್ ಪಣ ಕಟ್ಟಿ, ಅದನ್ನೇ ಪ್ರಬಂಧವಾಗಿ ಬರೆದುಕೊಟ್ಟರು. ಶಾಲೆಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿದ ಬ್ರೌನ್ ಕೇಸಿನ ತಯಾರಿಯ ವೇಳೆ ರಾಬಿನ್ಸನ್ ಆ ಪ್ರಬಂಧವನ್ನು ಹೊರತೆಗೆದು ಓದಿದ್ದರು. ಮರ್ರಿಗೆ ಅದು ತಿಳಿದದ್ದು ವರ್ಷಗಳ ಮೇಲೆ. 1954ರ ಬ್ರೌನ್ ತೀರ್ಪಿನ ವಕೀಲರ ಪಟ್ಟಿಯಲ್ಲಿ ಮರ್ರಿ ಹೆಸರು ಇಲ್ಲ.

ಈಗ 1971ರ ರೀಡ್ ವಿರುದ್ಧ ರೀಡ್ ಕೇಸಿನ ಲಿಖಿತ ವಾದದ ಮುಖಪುಟ ನೋಡಿ. ಲಿಂಗ ತಾರತಮ್ಯದ ಕಾನೂನೊಂದನ್ನು ಸುಪ್ರೀಂ ಕೋರ್ಟು ಸಮಾನತೆಯ ಆಧಾರದ ಮೇಲೆ ಮೊದಲ ಸಲ ರದ್ದು ಮಾಡಿದ ಕೇಸು ಅದು. ಮುಖಪುಟದಲ್ಲಿ ಪಾಲಿ ಮರ್ರಿ ಹೆಸರಿದೆ, ಡೊರೊಥಿ ಕೆನ್ಯನ್ ಹೆಸರಿದೆ. ಇಬ್ಬರೂ ಅದನ್ನು ಬರೆದವರಲ್ಲ. ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್ (ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು), ತಮ್ಮ ವಾದ ಯಾರ ಯೋಚನೆಯ ಮೇಲೆ ನಿಂತಿದೆ ಎಂದು ತೋರಿಸಲು ಆ ಹೆಸರುಗಳನ್ನು ಹಾಕಿದರು. ಕೆಲಸ ಮಾಡಿದ ಕಡೆ ಹೆಸರಿಲ್ಲ, ಬರೆಯದ ಕಡೆ ಹೆಸರಿದೆ. ಹಾಗಾಗಿ ವಕೀಲರ ಪಟ್ಟಿಯನ್ನು ನೋಡಿ ಅಲ್ಲಿಗೇ ನಿಲ್ಲಬೇಡಿ. ಅಡಿಟಿಪ್ಪಣಿಗಳು, ಕಾನೂನು ಪತ್ರಿಕೆಗಳ ಲೇಖನಗಳು, ಪತ್ರವ್ಯವಹಾರ, ಇವುಗಳವರೆಗೆ ಹೋಗಿ. ಮರ್ರಿ ಅವರ ಕಾಗದಪತ್ರಗಳು ಹಾರ್ವರ್ಡಿನ ಷ್ಲೆಸಿಂಗರ್ ಗ್ರಂಥಾಲಯದಲ್ಲಿವೆ, ಅವರನ್ನು ಹೊರಗಿಟ್ಟ ಅದೇ ಹಾರ್ವರ್ಡು. 1976ರಲ್ಲಿ ಕೊಟ್ಟ ದೀರ್ಘ ಸಂದರ್ಶನ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಸಂಗ್ರಹದಲ್ಲಿದೆ, ಅದೂ ಒಮ್ಮೆ ಬಾಗಿಲು ಮುಚ್ಚಿದ ವಿಶ್ವವಿದ್ಯಾಲಯವೇ. ಪತ್ರಗಳಲ್ಲಿ ತಮ್ಮನ್ನು ತಾವು ಗಂಡೆಂದು ಭಾವಿಸಿ ವೈದ್ಯರ ನೆರವು ಬೇಡಿದ ಪುಟಗಳೂ ಇವೆ. ಅವನ್ನು ಮುಚ್ಚಿಡುವುದೂ ಬೇಡ, ಕುತೂಹಲದ ಸರಕಾಗಿ ಮಾಡುವುದೂ ಬೇಡ.

ಕೋರ್ಟಿನ ಹೊರಗೆ ನಡೆದ ಕೇಸುಗಳೂ ಉಂಟು. ಡವಿ ಜಾನ್ಸನ್ ರೌಂಡ್‌ಟ್ರೀ ಅವರ ಹೆಸರನ್ನು ಕೋರ್ಟು ವರದಿಗಳಲ್ಲಿ ಹುಡುಕಿದರೆ ಅವರ ದೊಡ್ಡ ಗೆಲುವು ಕಾಣಿಸುವುದೇ ಇಲ್ಲ. ಸೈನ್ಯದ ಸಮವಸ್ತ್ರದಲ್ಲಿದ್ದ ಸಾರಾ ಕೀಸ್ ಎಂಬ ಹೆಣ್ಣುಮಗಳನ್ನು 1952ರಲ್ಲಿ ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲವೆಂದು ಉತ್ತರ ಕ್ಯಾರೊಲಿನಾದ ರೋನೋಕ್ ರ್‍ಯಾಪಿಡ್ಸ್‌ನಲ್ಲಿ ಇಳಿಸಿ ರಾತ್ರಿಯಿಡೀ ಲಾಕಪ್ಪಿನಲ್ಲಿ ಇಟ್ಟರು. ರೌಂಡ್‌ಟ್ರೀ ತಾವೂ ಯುದ್ಧಕಾಲದಲ್ಲಿ ಅದೇ ಸಮವಸ್ತ್ರ ತೊಟ್ಟವರು, ಅದೇ ಅವಮಾನ ಉಂಡವರು. ಅವರೂ ಅವರ ಸಹವಕೀಲ ಜೂಲಿಯಸ್ ರಾಬರ್ಟ್‌ಸನ್ನರೂ ಕೇಸನ್ನು ಒಯ್ದದ್ದು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ. ರಾಜ್ಯದಿಂದ ರಾಜ್ಯಕ್ಕೆ ಓಡುವ ಬಸ್ಸುಗಳಲ್ಲಿ ವರ್ಣಭೇದ ಸಲ್ಲದು ಎಂದು ಆಯೋಗ ಹೇಳಿದ್ದು 1955ರ ನವೆಂಬರಿನಲ್ಲಿ, ಅಲಬಾಮದಲ್ಲಿ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನಕ್ಕೆ ಕೆಲವೇ ದಿನ ಮೊದಲು. ಅದನ್ನು ಹುಡುಕಬೇಕಾದದ್ದು ಆಯೋಗದ ಸ್ವಂತ ವರದಿ ಸಂಪುಟಗಳಲ್ಲಿ.

ಯೂನಿಸ್ ಕಾರ್ಟರ್ ಅವರದು ಇನ್ನೂ ಮರೆಯ ಕೆಲಸ. ನ್ಯೂಯಾರ್ಕಿನ ಮಹಿಳಾ ನ್ಯಾಯಾಲಯದಲ್ಲಿ ವೇಶ್ಯಾವೃತ್ತಿಯ ಸಣ್ಣ ಕೇಸುಗಳನ್ನು ನಡೆಸುವಾಗ, ಬೇರೆ ಬೇರೆ ಹೆಂಗಸರಿಗೆ ಅದೇ ವಕೀಲರು, ಅದೇ ಜಾಮೀನುದಾರರು ಬರುತ್ತಿರುವುದನ್ನು ಅವರು ಗಮನಿಸಿದರು. ಈ ದಂಧೆಯೆಲ್ಲ ಒಂದೇ ಕೈಯಲ್ಲಿದೆ ಎಂದು ವಿಶೇಷ ಸರ್ಕಾರಿ ವಕೀಲ ಥಾಮಸ್ ಡ್ಯೂಯಿ ಅವರಿಗೆ ತೋರಿಸಿಕೊಟ್ಟರು. ಆ ಎಳೆ ಹಿಡಿದು ಹೋಗಿ 1936ರಲ್ಲಿ ಮಾಫಿಯಾ ದೊರೆ ಲಕಿ ಲುಚಿಯಾನೋಗೆ ಶಿಕ್ಷೆಯಾಯಿತು. ವಿಚಾರಣೆ ನಡೆಸಿ ಹೆಸರಾದವರು ಡ್ಯೂಯಿ. ಇಂಥ ಕಡೆ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕೇಸನ್ನು ಮೊದಲು ಕಂಡವರು ಯಾರು ಎಂಬುದು.

ಬರೆಯುವಾಗ

ಸಾಮಗ್ರಿ ಕೂಡಿದ ಮೇಲೆ ಹುಟ್ಟಿದ ಊರಿನಿಂದ ಶುರುಮಾಡುವ ಚಾಳಿ ಬಿಡಿ. ಒಂದು ಉದಾಹರಣೆ ಕೊಡುತ್ತೇನೆ. ‘ಜೇನ್ ಬೋಲಿನ್ 1908ರಲ್ಲಿ ಪೊಕಿಪ್ಸಿಯಲ್ಲಿ ಜನಿಸಿ, 1931ರಲ್ಲಿ ಯೇಲ್‌ನಿಂದ ಕಾನೂನು ಪದವಿ ಪಡೆದು, 1939ರಲ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶರಾದರು.’ ಇದರಲ್ಲಿ ತಪ್ಪೇನೂ ಇಲ್ಲ, ಬೋಲಿನ್ ಕೂಡ ಇಲ್ಲ. ಹೀಗೆ ಬರೆದು ನೋಡಿ:

‘ನ್ಯೂಯಾರ್ಕಿನ ಕೌಟುಂಬಿಕ ನ್ಯಾಯಾಲಯಕ್ಕೆ ಬರುವ ಪ್ರತಿ ಅರ್ಜಿಯ ಮೇಲೆ ದೊಡ್ಡದಾಗಿ ಒಂದು ಗುರುತು ಇರುತ್ತಿತ್ತು. ಕಪ್ಪು ಕುಟುಂಬವಾದರೆ ಎನ್, ಪೋರ್ಟೊರಿಕೊದವರಾದರೆ ಪಿಆರ್. ಇದ್ದ ಒಬ್ಬಿಬ್ಬರು ಕಪ್ಪು ಪ್ರೊಬೇಷನ್ ಅಧಿಕಾರಿಗಳಿಗೆ ಕಪ್ಪು ಕುಟುಂಬಗಳ ಕೇಸು ಮಾತ್ರ. 1939ರ ಜುಲೈಯಲ್ಲಿ ವಿಶ್ವ ಮೇಳದ ಮೈದಾನಕ್ಕೆ ಬರಹೇಳಿ, ಕಾರಣವನ್ನೂ ತಿಳಿಸದೆ, ಮೇಯರ್ ಲಾಗಾರ್ಡಿಯ ನ್ಯಾಯಾಧೀಶೆಯಾಗಿ ಪ್ರಮಾಣ ಬೋಧಿಸಿದ ಜೇನ್ ಬೋಲಿನ್ ಈ ಎರಡನ್ನೂ ನಿಲ್ಲಿಸಿದರು. ಸರ್ಕಾರದ ಹಣ ಪಡೆಯುವ ಮಕ್ಕಳ ಸಂಸ್ಥೆಗಳು ಬಣ್ಣ ನೋಡಿ ಮಕ್ಕಳನ್ನು ತಿರಸ್ಕರಿಸುವ ಹಾಗಿಲ್ಲ ಎಂದು ಮಾಡಿಸಿದರು. ಮಕ್ಕಳು ಹೆದರದಿರಲಿ ಎಂದು ಕರಿಯ ಗೌನು ತೊಡುತ್ತಿರಲಿಲ್ಲ. ಮುಂದಿನ 20 ವರ್ಷ ಇಡೀ ದೇಶದಲ್ಲಿ ಅವರೊಬ್ಬರೇ ಕಪ್ಪು ಮಹಿಳಾ ನ್ಯಾಯಾಧೀಶರು.’

ಎರಡನೆಯದರಲ್ಲಿ ಯೇಲ್ ಬರಲಿಲ್ಲ, ಮುಂದಿನ ಪ್ಯಾರಾದಲ್ಲಿ ಬಂದರಾಯಿತು. ಓದುಗರಿಗೆ ಮೊದಲು ಆಕೆಯ ಕೆಲಸ ಕಾಣಲಿ. ‘ಎಲ್ಲ ಅಡೆತಡೆಗಳನ್ನು ಮೀರಿ’ ಎಂಬ ಸಿದ್ಧ ಮಾತು ಬಂದ ಕಡೆಯೆಲ್ಲ ಆ ಅಡೆತಡೆಯ ಹೆಸರನ್ನೇ ಬರೆಯಿರಿ. ಸೇಡಿ ಟ್ಯಾನರ್ ಮೊಸೆಲ್ ಅಲೆಗ್ಸಾಂಡರ್ 1921ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಅದಕ್ಕೆ ತಕ್ಕ ಕೆಲಸ ಸಿಗಲಿಲ್ಲ, ಡರಮ್ಮಿನ ಕಪ್ಪು ಜನರ ವಿಮಾ ಕಂಪನಿಯೊಂದಕ್ಕೆ ಲೆಕ್ಕ ಹಾಕಲು ಹೋದರು, ಆಮೇಲೆ ಮತ್ತೆ ಅದೇ ವಿಶ್ವವಿದ್ಯಾಲಯಕ್ಕೆ ಬಂದು 1927ರಲ್ಲಿ ಕಾನೂನು ಪದವಿ ಪಡೆದರು. ಇಷ್ಟನ್ನು ಬರೆದ ಮೇಲೆ ‘ಅಡೆತಡೆ’ ಎಂಬ ಶಬ್ದದ ಅಗತ್ಯವೇ ಬೀಳುವುದಿಲ್ಲ.

ಯಾರಿಂದ ಶುರುಮಾಡಲಿ ಎಂದು ಕೇಳುವವರಿಗೆ ನಾನು ಲೂಟಿ ಲೈಟಲ್ ಹೆಸರು ಕೊಡುತ್ತೇನೆ. ನ್ಯಾಶ್‌ವಿಲ್ಲಿನ ಸೆಂಟ್ರಲ್ ಟೆನೆಸೀ ಕಾಲೇಜಿನಲ್ಲಿ ಓದಿ 1897ರಲ್ಲಿ ಟೆನೆಸೀಯಲ್ಲೂ ಕಾನ್ಸಾಸಿನಲ್ಲೂ ವಕೀಲರ ಪಟ್ಟಿಗೆ ಸೇರಿದವರು, ಮರುವರ್ಷ ಅದೇ ಕಾಲೇಜಿನಲ್ಲಿ ಕಾನೂನು ಪಾಠ ಹೇಳಿದವರು. ಅವರ ಬಗ್ಗೆ ಬರೆದದ್ದು ರೇ ಅಥವಾ ಮೋಟ್ಲಿ ಬಗ್ಗೆ ಬರೆದದ್ದಕ್ಕಿಂತ ಬಹಳ ಕಡಿಮೆ. ‘ಕ್ರಾನಿಕ್ಲಿಂಗ್ ಅಮೆರಿಕ’ ತೆರೆಯಿರಿ, ರಾಜ್ಯ ಕಾನ್ಸಾಸ್, ಊರು ಟೊಪೀಕಾ, ವರ್ಷ 1897 ಎಂದು ಆರಿಸಿ, ‘ಲೈಟಲ್’ ಎಂಬ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ.